ಕಲ್ಯಾಣಪ್ಪನ ಕಾಟಕಾಯಿ

ನಮ್ಮಜ್ಜನಿಗೆ ಸಿಟ್ಟು ಬಂದರೆ ಬಾಯಿಗೆ ಬರುತ್ತಿದ್ದ ಮಾತು ಒಂದೇ: "ಎಂತದು ಇದು, ಕಲ್ಯಾಣಪ್ಪನ ಕಾಟಕಾಯಿಯಾ?" ರಜೆಯಲ್ಲಿ ಮಕ್ಕಳೆಲ್ಲ ಸೇರಿ ಅಂಗಳದಲ್ಲಿ ಒಣಹಾಕಿದ ಅಡಿಕೆ ಮೆಟ್ಟಿಕೊಂಡು ಓಡಿದರೆ ಕಾಟಕಾಯಿ. ಮದುವೆ ಮನೆಯಲ್ಲಿ ಊಟದ ಪಂಕ್ತಿಗೆ ನೂಕುನುಗ್ಗಲಾದರೆ ಅದೂ ಕಾಟಕಾಯಿ. ಕಲ್ಯಾಣಪ್ಪ ಅಂದರೆ ಯಾರೋ ದೊಡ್ಡ ಕಳ್ಳ ಇರಬೇಕು ಅಂತ ಹೈಸ್ಕೂಲು ಮುಗಿಯುವವರೆಗೂ ಅಂದುಕೊಂಡಿದ್ದೆ. ನಮ್ಮ ಮನೆ ಇರುವುದು ಸುಳ್ಯ ಬೆಳ್ಳಾರೆ ಮಧ್ಯೆ. ಆ ಬೆಳ್ಳಾರೆಯ ಖಜಾನೆಗೇ ಕಲ್ಯಾಣಪ್ಪನ ಜನ ನುಗ್ಗಿದ್ದು ಅಂತ ನನಗೆ ಗೊತ್ತಾದದ್ದು ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದ ಮೇಲೆ.

ಕಥೆ ಚಿಕ್ಕದಾಗಿ ಹೀಗೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ಕಸಿದುಕೊಂಡು ಚಿಕ್ಕವೀರರಾಜೇಂದ್ರನನ್ನು ಕಾಶಿಗೆ ಕಳಿಸಿತು. ಅಲ್ಲಿವರೆಗೆ ಕೊಡಗಿನ ಜೊತೆಗಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಮೂರೇ ವರ್ಷದಲ್ಲಿ, 1837ರ ಮಾರ್ಚ್ ಕೊನೆಗೆ, ಸುಳ್ಯದ ಕಡೆಯಿಂದ ಜನ ಎದ್ದರು. ಕೆದಂಬಾಡಿ ರಾಮಯ್ಯ ಗೌಡರು ಮುಂದಾಳುಗಳಲ್ಲೊಬ್ಬರು. ಬೆಳ್ಳಾರೆ, ಪುತ್ತೂರು, ಪಾಣೆಮಂಗಳೂರು ದಾಟಿ ಏಪ್ರಿಲ್ 5ಕ್ಕೆ ಮಂಗಳೂರು ಹಿಡಿದರು. ಬಾವುಟಗುಡ್ಡೆಯಲ್ಲಿ ಬಾವುಟ ಏರಿತು. ಸುಮಾರು ಎರಡು ವಾರ ಊರು ಅವರ ಕೈಯಲ್ಲಿತ್ತು. ಆಮೇಲೆ ಕಂಪನಿಯ ಪಡೆ ಬಂತು, ಹಿಡಿಯಿತು, ನೇಣಿಗೆ ಹಾಕಿತು. 1857ಕ್ಕಿಂತ 20 ವರ್ಷ ಮೊದಲಿನ ಮಾತು ಇದು.

ಜನ ಯಾಕೆ ಎದ್ದರು? ಇಲ್ಲಿ ಸ್ವಲ್ಪ ನಿಲ್ಲಬೇಕು. ಕೊಡಗಿನ ರಾಜರ ಕಾಲದಲ್ಲಿ ಕಂದಾಯವನ್ನು ಬೆಳೆಯಲ್ಲೇ ಕೊಡಬಹುದಿತ್ತು. ಕಂಪನಿ ಬಂದ ಮೇಲೆ ನಗದು ಬೇಕು ಅಂತಾಯ್ತು. ಆ್ಯಪ್ ಮಾಡುವ ನಮ್ಮಂಥವರಿಗೆ ಈಗ ಮನಃಶಾಸ್ತ್ರದ ಪುಸ್ತಕಗಳನ್ನೂ ಓದಿಸುತ್ತಾರೆ; ಹಾಗಾಗಿ ನನಗೆ ಮೊದಲು ನೆನಪಾದದ್ದು ಕಾನ್‌ಮನ್ ಮತ್ತು ಟ್ವರ್ಸ್ಕಿ. ಇಬ್ಬರೂ 1979ರಲ್ಲಿ ಬರೆದ ಪ್ರಬಂಧದ ಒಂದು ತಿರುಳು: ಸಿಕ್ಕಿದ ಖುಷಿಗಿಂತ ಕಳೆದುಕೊಂಡ ನೋವು ಹೆಚ್ಚು. ಮುಂದಿನ ಅಳತೆಗಳಲ್ಲಿ ಅದು ಸುಮಾರು ಎರಡು ಪಟ್ಟು ಅಂತ ಬಂತು. ಇದ್ದ ಅನುಕೂಲ ಕೈತಪ್ಪಿದರೆ ಮನುಷ್ಯ ಕೆರಳುತ್ತಾನೆ, ಸರಿಯಾಗಿ ಹೊಂದುತ್ತದಲ್ಲ ಅಂತ ನನಗೂ ಅನಿಸಿತ್ತು.

ಆದರೆ ಗದ್ದೆ ಕಂಡವನಿಗೆ ಅಷ್ಟಕ್ಕೇ ಸಮಾಧಾನ ಆಗುವುದಿಲ್ಲ. ಭತ್ತದಲ್ಲೇ ಕಂದಾಯ ಅಂದರೆ ರಾಶಿಯಿಂದ ಅಳೆದು ಕೊಟ್ಟರೆ ಮುಗಿಯಿತು. ನಗದು ಅಂದರೆ ಮೊದಲು ಮಾರಬೇಕು. ಕೊಯ್ಲಿನ ಹೊತ್ತಿಗೆ ಎಲ್ಲರೂ ಮಾರುವವರೇ, ಹಾಗಾಗಿ ಕ್ರಯ ಬೀಳುತ್ತದೆ. ಗಡುವು ಕಾಯುವುದಿಲ್ಲ, ಸಾಹುಕಾರನ ಹತ್ತಿರ ಸಾಲ ಎತ್ತಬೇಕು. ಕ್ರಯ ಇಳಿದರೆ ಆ ನಷ್ಟ ಪೂರ್ತಿ ರೈತನ ತಲೆಗೆ. ಇದು ಮನಸ್ಸಿನ ಭ್ರಮೆಯಲ್ಲ, ನಿಜವಾದ ಲೆಕ್ಕ. ಇತ್ತೀಚೆಗೆ ಜನರ ಪ್ರತಿಯೊಂದು ತಕರಾರಿಗೂ ಒಂದು 'ಬಯಾಸ್' ಹೆಸರು ಅಂಟಿಸುವ ಚಾಳಿ ಶುರುವಾಗಿದೆ. ಅಡಿಕೆ ರೇಟು ಬಿದ್ದಾಗ ನಮ್ಮ ದೊಡ್ಡಪ್ಪನಿಗೆ ಇದು ಲಾಸ್ ಅವರ್ಷನ್ ಅಂತ ಹೇಳಿ ನೋಡಿ, ಗೊತ್ತಾಗ್ತದೆ.

ಇನ್ನೊಂದು ವಿಚಿತ್ರ ಉಂಟು. ಜನ ಯಾರ ಹೆಸರಲ್ಲಿ ಹೊರಟರೋ ಆ ಕಲ್ಯಾಣಸ್ವಾಮಿ ಆ ದಂಡಿನಲ್ಲಿ ಇರಲೇ ಇಲ್ಲ. ಕಲ್ಯಾಣಸ್ವಾಮಿ ಕೊಡಗಿನ ರಾಜಮನೆತನದವ ಅಂತ ಹೇಳಿಕೊಂಡವ. ದಂಡಿನ ಮುಂದೆ ಆ ಹೆಸರಲ್ಲಿ ನಿಂತವನು ಶನಿವಾರಸಂತೆ ಕಡೆಯ ಪುಟ್ಟಬಸಪ್ಪ. ಸಾವಿರಾರು ಜನ ಅದನ್ನು ನಂಬಿದರಾ?

ಇಲ್ಲಿ ನನಗೆ ಬಿಹಾರದ ಕಥೆ ನೆನಪಾಗುತ್ತದೆ. 1934ರ ಜನವರಿ 15ರಂದು ಅಲ್ಲಿ ಭಾರಿ ಭೂಕಂಪ ಆಯ್ತು. ಜಮುನಾ ಪ್ರಸಾದ್ ಎಂಬವರು ಆಗ ಹಬ್ಬಿದ ಗಾಳಿಸುದ್ದಿಗಳನ್ನು ಸಂಗ್ರಹಿಸಿ ಮರುವರ್ಷ ಪ್ರಕಟಿಸಿದರು. ನೆಲ ನಡುಗಿದರೂ ಏನೂ ಹಾನಿಯಾಗದ ಕಡೆ ಹಬ್ಬಿದ್ದು ಸಮಾಧಾನದ ಸುದ್ದಿಯಲ್ಲ. ಇನ್ನೂ ದೊಡ್ಡ ಅನಾಹುತ ಬರ್ತದೆ ಎನ್ನುವ ಸುದ್ದಿ! ಅಮೆರಿಕದ ಲಿಯಾನ್ ಫೆಸ್ಟಿಂಗರ್ ಅದನ್ನು ಓದಿ ತಲೆಕೆಡಿಸಿಕೊಂಡ. ಕೊನೆಗೆ ಅವನಿಗೆ ಹೊಳೆದದ್ದು: ಈ ಸುದ್ದಿಗಳು ಹೆದರಿಕೆ ಹುಟ್ಟಿಸುತ್ತಿರಲಿಲ್ಲ, ಆಗಲೇ ಹೆದರಿದ್ದವರಿಗೆ ಹೆದರಿಕೆಯ ಕಾರಣ ಒದಗಿಸುತ್ತಿದ್ದವು. 1957ರ ಅವನ ಹೆಸರಾಂತ ಪುಸ್ತಕಕ್ಕೆ ಒಂದು ಬೀಜ ಸಿಕ್ಕಿದ್ದು ಹೀಗೆ, ನಮ್ಮ ದೇಶದ ಗಾಳಿಸುದ್ದಿಯಿಂದ.

ಕಲ್ಯಾಣಸ್ವಾಮಿ ಬಂದಿದ್ದಾನಂತೆ ಎನ್ನುವುದೂ ಅದೇ ಜಾತಿಯ ಸುದ್ದಿ ಅಂತ ನನ್ನ ಅಂದಾಜು. ಸಿಟ್ಟು ಮೊದಲೇ ಇತ್ತು, ಅದಕ್ಕೆ ಒಂದು ಮುಖ ಬೇಕಿತ್ತು. ಪುಟ್ಟಬಸಪ್ಪನ ಹತ್ತಿರ ಆಧಾರ್ ಕಾರ್ಡು ಕೇಳುವ ಗರಜು ಯಾರಿಗಿತ್ತು?

ಮತ್ತೆ ಈ 'ಕಾಟಕಾಯಿ' ಶಬ್ದ. ಕೊಳ್ಳೆ, ದಾಂಧಲೆ ಅಂತ ಅರ್ಥ. ಗೆದ್ದವರಿಗೆ ಒಪ್ಪುವ ಶಬ್ದ, ಸೋತವರ ಮೊಮ್ಮಕ್ಕಳ ಬಾಯಲ್ಲೂ ಅದೇ ಉಳಿಯಿತು. ಗುಂಪು ಸೇರಿದರೆ ಮನುಷ್ಯನಿಗೆ ಬುದ್ಧಿ ಇರುವುದಿಲ್ಲ ಅಂತ 1895ರಲ್ಲಿ ಫ್ರಾನ್ಸಿನ ಗುಸ್ತಾವ್ ಲೆ ಬಾನ್ ಬರೆದ. ತುಂಬ ಕಾಲ ಅದೇ ವೇದವಾಕ್ಯ. 1980ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಸೇಂಟ್ ಪಾಲ್ಸ್ ಎಂಬಲ್ಲಿ ಗಲಭೆಯಾದಾಗ ಸ್ಟೀಫನ್ ರೈಷರ್ ಅದನ್ನು ವಿವರವಾಗಿ ಅಧ್ಯಯನ ಮಾಡಿ ಬೇರೆಯೇ ಹೇಳಿದ. ಜನ ಸಿಕ್ಕಿಸಿಕ್ಕಿದ್ದಕ್ಕೆಲ್ಲ ಕಲ್ಲು ಹೊಡೆದಿರಲಿಲ್ಲ. ಗುರಿ ಇದ್ದದ್ದು ಮುಖ್ಯವಾಗಿ ಪೊಲೀಸರು, ಅದೂ ತಮ್ಮ ಕೇರಿಯ ಗಡಿಯೊಳಗೆ.

1837ರ ದಂಡು ಎಲ್ಲೆಲ್ಲಿ ಕೈ ಹಾಕಿತು ನೋಡಿ. ಬೆಳ್ಳಾರೆಯಲ್ಲಿ ಖಜಾನೆ, ಮಂಗಳೂರಲ್ಲಿ ಜೈಲು, ಕಚೇರಿ. ಕಂದಾಯ ಎಲ್ಲಿ ಸೇರುತ್ತಿತ್ತೋ, ಅದರ ಕಾಗದ ಎಲ್ಲಿತ್ತೋ ಅಲ್ಲಿಗೇ. ದಾರಿಯಲ್ಲಿ ಕೊಳ್ಳೆ ನಡೆದೇ ಇಲ್ಲ ಅಂತ ನಾನು ವಾದ ಮಾಡುವುದಿಲ್ಲ, ಅಷ್ಟು ಜನ ಹೊರಟಾಗ ಎಲ್ಲ ರೀತಿಯವರೂ ಇರ್ತಾರೆ. ಆದರೂ ಬುದ್ಧಿಗೆಟ್ಟ ಗುಂಪು ಅಷ್ಟು ಸರಿಯಾಗಿ ವಿಳಾಸ ಹುಡುಕುವುದಿಲ್ಲ.

ಪುಟ್ಟಬಸಪ್ಪನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ನಮ್ಮ ಕುಳ್ಕುಂದದವರೇ ಆದ ನಿರಂಜನರು 'ಕಲ್ಯಾಣಸ್ವಾಮಿ' ಕಾದಂಬರಿ ಬರೆದರು. 2022ರ ನವೆಂಬರ್‌ನಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆಯೂ ನಿಂತಿತು. ಈಗ ಊರಲ್ಲಿ ಭಾಷಣ ಮಾಡುವವರೆಲ್ಲ 'ಅಮರ ಸುಳ್ಯ ಸಮರ' ಅಂತಲೇ ಹೇಳುತ್ತಾರೆ.

ಅಜ್ಜ ಇಷ್ಟೆಲ್ಲ ನೋಡಲಿಲ್ಲ. ಅವರು ಹೋಗುವ ಮೊದಲು ಒಮ್ಮೆ ಕೇಳಿದ್ದೆ, "ಅಜ್ಜ, ಆಗ ನಮ್ಮ ಮನೆಯಿಂದ ಯಾರಾದ್ರೂ ಹೋಗಿದ್ರಾ?"

ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಾ, "ಹೋಗಿದ್ರಂತೆ ಮಾರಾಯ. ಪುತ್ತೂರಿನವರೆಗೆ ಹೋಗಿ ವಾಪಸ್ ಬಂದ್ರಂತೆ," ಅಂದರು.

"ಯಾಕೆ?"

"ಮನೆಯಲ್ಲಿ ದನ ಕರು ಹಾಕುದಿತ್ತಂತೆ."