ಅಭಯದಾನವೋ, ಪರಿಗ್ರಹವೋ?

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಧನಗೆರೆಯೂ ಸೇರಿದಂತೆ ಕೊಳ್ಳೇಗಾಲದ ಸೀಮೆ ಕಂಪನಿಯ ಕೊಯಮತ್ತೂರು ಜಿಲ್ಲೆಗೆ ಸೇರಿತು. ಅದು ಮೈಸೂರಿಗೆ ಮರಳಲು 1956 ಬರಬೇಕಾಯಿತು. ನೆರೆಯ ಯಳಂದೂರು ಮೈಸೂರಿನಲ್ಲಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ಆದರೆ ಆ ಮೈಸೂರಿಗೂ ಕಂಪನಿಯ ಹಸ್ತ ಚಾಚಿತು.

1830ರಲ್ಲಿ ನಗರ ಪ್ರಾಂತ್ಯದ ರೈತರು ಕಂದಾಯದ ಪೀಡೆಯನ್ನು ತಾಳಲಾರದೆ ದಂಗೆಯೆದ್ದರು. ಅವರ ಸಂಕಟವೇನೂ ಕಟ್ಟುಕಥೆಯಲ್ಲ. ದಂಗೆಯನ್ನಡಗಿಸಲು ಕಂಪನಿಯ ಪಡೆಗಳೇ ನೆರವಾದವು. ತರುವಾಯ 1831ರಲ್ಲಿ ಅದೇ ಕಂಪನಿಯು ಪ್ರಜೆಗಳ ದುರವಸ್ಥೆಯನ್ನು ಮುಂದೊಡ್ಡಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡಿತು! ಒಪ್ಪಂದವು ಇದಕ್ಕೆ ಆಸ್ಪದವಿತ್ತದ್ದು ಮುಖ್ಯವಾಗಿ ವರ್ಷಕ್ಕೆ 7 ಲಕ್ಷ ವರಹಗಳ ಪೊಗದಿಗೆ ಕುಂದೊದಗುವ ಭಯವಿದ್ದಾಗ.

ನೆರೆಯವನ ಗೋಳನ್ನು ನೋಡುತ್ತ ಸುಮ್ಮನಿರುವುದು ಅಹಿಂಸೆಯಲ್ಲ. ಪೀಡಿತನಿಗೆ ಅಭಯವೀಯುವುದು ಶ್ರಾವಕಧರ್ಮವೇ. ಆದರೆ ಅಭಯವಿತ್ತವನ ಭಂಡಾರವೇ ತುಂಬುವುದಾದರೆ ಅದು ದಾನವೆನಿಸದು, ಪರಿಗ್ರಹವೆನಿಸುತ್ತದೆ. ಬಂದ ಕಾರ್ಯ ಮುಗಿದೊಡನೆ ಹಿಂದಿರುಗಿದನೇ ಎಂಬುದನ್ನೂ ನೋಡಬೇಕು. ರಾಜ್ಯದ ಒಂದು ಭಾಗವನ್ನಾದರೂ ಮರಳಿಸಬಹುದೆಂದು 1834ರಲ್ಲಿ ಗವರ್ನರ್ ಜನರಲ್ ಬೆಂಟಿಂಕನೇ ಸೂಚಿಸಿದನು. ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ. ಮುಮ್ಮಡಿಯವರು 1868ರಲ್ಲಿ ಕಾಲವಾದರು. ರಾಜ್ಯವು ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರ ಕೈಸೇರಿದ್ದು 1881ರಲ್ಲಿ.