ಬೆಂಗಳೂರಿನಲ್ಲಿ ಸ್ವಾತಂತ್ರ್ಯ ದಿನದ ಕೌಟುಂಬಿಕ ಆಚರಣೆ

ಸ್ವಾತಂತ್ರ್ಯ ದಿನವು ಪ್ರತಿ ವರ್ಷ ಆಗಸ್ಟ್ 15ರಂದು ಆಚರಿಸಲಾಗುವ ಭಾರತದ ರಾಷ್ಟ್ರೀಯ ಹಬ್ಬ. ಶಾಲೆ ಮತ್ತು ಸರ್ಕಾರಿ ಕಚೇರಿಗಳ ಧ್ವಜಾರೋಹಣದ ಜೊತೆಗೆ, ಕುಟುಂಬದವರೆಲ್ಲ ಕೂಡಿ ಆಚರಿಸುವ ರೂಢಿಯೂ ಬೆಂಗಳೂರಿನಲ್ಲಿ ಬೆಳೆದಿದೆ. ನಗರದ ಉತ್ತರ ಭಾಗದಲ್ಲಿರುವ ಕೊಡಿಗೇಹಳ್ಳಿ, ಯಲಹಂಕ, ಹೆಬ್ಬಾಳ ಮೊದಲಾದ ಬಡಾವಣೆಗಳಲ್ಲಿಯೂ ಇದನ್ನು ಕಾಣಬಹುದು.

ಹಿನ್ನೆಲೆ
1947ರಲ್ಲಿ ಬೆಂಗಳೂರು ಮೈಸೂರು ಸಂಸ್ಥಾನದ ಭಾಗವಾಗಿತ್ತು. ಸಂಸ್ಥಾನವು ಆ ವರ್ಷದ ಆಗಸ್ಟ್‌ನಲ್ಲಿ ಭಾರತ ಒಕ್ಕೂಟವನ್ನು ಸೇರಿತು. ಆದರೆ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಚಳವಳಿ ನಡೆಯಬೇಕಾಯಿತು. ಅಕ್ಟೋಬರ್‌ನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಲ್ಯಾಣ ಕರ್ನಾಟಕದ ಜಿಲ್ಲೆಗಳು 1948ರ ಸೆಪ್ಟೆಂಬರ್ 17ರಂದು ವಿಮೋಚನೆಗೊಂಡವು. ಆದ್ದರಿಂದ ಆ ಭಾಗದಲ್ಲಿ ಸೆಪ್ಟೆಂಬರ್ 17ನ್ನೂ ಉತ್ಸವವಾಗಿ ಆಚರಿಸಲಾಗುತ್ತದೆ.

ಆಚರಣೆಯ ಕ್ರಮ
ಬೆಳಿಗ್ಗೆ ಮಕ್ಕಳನ್ನು ಶಾಲೆಯ ಧ್ವಜಾರೋಹಣಕ್ಕೆ ಕರೆದೊಯ್ಯುವುದು ಮತ್ತು ದೂರದರ್ಶನದಲ್ಲಿ ಕೆಂಪುಕೋಟೆಯ ಸಮಾರಂಭವನ್ನು ನೋಡುವುದು ಸಾಮಾನ್ಯ ರೂಢಿ. ಬಡಾವಣೆಯ ನಿವಾಸಿಗಳ ಸಂಘಗಳು ಮತ್ತು ಅಪಾರ್ಟ್‌ಮೆಂಟ್‌ಗಳು ತಮ್ಮ ಆವರಣದಲ್ಲಿ ಧ್ವಜ ಹಾರಿಸುತ್ತವೆ. ಹಿರಿಯರಿಂದ ಧ್ವಜಾರೋಹಣ, ರಾಷ್ಟ್ರಗೀತೆ, ಮಕ್ಕಳ ಹಾಡು ಮತ್ತು ಭಾಷಣ, ಕೊನೆಗೆ ಸಿಹಿ ಹಂಚಿಕೆ ಇದರ ಕ್ರಮ. ಮಡಿಸಿದ ಧ್ವಜದೊಳಗೆ ಹೂವಿನ ಎಸಳುಗಳನ್ನಿರಿಸುವ ಪದ್ಧತಿಗೆ ಧ್ವಜ ಸಂಹಿತೆಯಲ್ಲಿ ಅವಕಾಶವಿದೆ. ಈ ದಿನವು ಮಳೆಗಾಲದಲ್ಲಿ, ಹೆಚ್ಚಾಗಿ ಶ್ರಾವಣದಲ್ಲಿ ಬರುವುದರಿಂದ ಕೆಲವೊಮ್ಮೆ ವರಮಹಾಲಕ್ಷ್ಮಿ ಹಬ್ಬದ ಸಿದ್ಧತೆಯೂ ಇದರೊಡನೆ ಸೇರಿಕೊಳ್ಳುತ್ತದೆ.

ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ
ಲಾಲ್‌ಬಾಗ್‌ನಲ್ಲಿ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಸಂದರ್ಭಗಳಲ್ಲಿ ವರ್ಷಕ್ಕೆ ಎರಡು ಬಾರಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. 1889ರಲ್ಲಿ ಶಂಕುಸ್ಥಾಪನೆಯಾದ ಗಾಜಿನ ಮನೆ ಇದರ ಕೇಂದ್ರ. ಕುಟುಂಬ ಸಮೇತ ಇದನ್ನು ನೋಡಲು ಹೋಗುವುದು ಅನೇಕರಿಗೆ ರಜೆಯ ವಾಡಿಕೆ. ಉತ್ತರ ಬೆಂಗಳೂರಿನವರು ಯಶವಂತಪುರದಿಂದ ಮೆಟ್ರೊದ ಹಸಿರು ಮಾರ್ಗದಲ್ಲಿ ನೇರವಾಗಿ ಲಾಲ್‌ಬಾಗ್ ತಲುಪಬಹುದು.

ಮನೆಯ ಮೇಲಿನ ಧ್ವಜ
ಹಿಂದೆ ಕೆಲವು ವಿಶೇಷ ದಿನಗಳನ್ನು ಬಿಟ್ಟು ಖಾಸಗಿ ವ್ಯಕ್ತಿಗಳು ರಾಷ್ಟ್ರಧ್ವಜ ಹಾರಿಸಲು ನಿರ್ಬಂಧವಿತ್ತು. 2002ರ ಜನವರಿ 26ರಂದು ಜಾರಿಗೆ ಬಂದ ಧ್ವಜ ಸಂಹಿತೆಯು, ಧ್ವಜದ ಗೌರವಕ್ಕೆ ಕುಂದು ಬಾರದಂತೆ ಎಲ್ಲ ದಿನಗಳಲ್ಲಿಯೂ ಹಾರಿಸಲು ನಾಗರಿಕರಿಗೆ ಅವಕಾಶ ನೀಡಿತು. 2022ರ 'ಹರ್ ಘರ್ ತಿರಂಗಾ' ಅಭಿಯಾನದಿಂದ ಮನೆಗಳ ಮೇಲೆ ಧ್ವಜ ಹಾರಿಸುವ ರೂಢಿ ವ್ಯಾಪಕವಾಯಿತು. ಅದೇ ವರ್ಷ, ಮನೆಗಳಲ್ಲಿ ಹಗಲಿರುಳೂ ಧ್ವಜ ಹಾರಿಸಲು ಅನುಮತಿ ದೊರೆಯಿತು.

2021ರ ಡಿಸೆಂಬರ್‌ನ ತಿದ್ದುಪಡಿಯು ಯಂತ್ರದಿಂದ ತಯಾರಿಸಿದ ಪಾಲಿಯೆಸ್ಟರ್ ಧ್ವಜಗಳಿಗೂ ಒಪ್ಪಿಗೆ ನೀಡಿತು. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜಗಳನ್ನು ತಯಾರಿಸುತ್ತದೆ. ಅಗ್ಗದ ಪಾಲಿಯೆಸ್ಟರ್ ಧ್ವಜಗಳಿಂದ ನೂಲುವವರ ಮತ್ತು ನೇಯುವವರ ಜೀವನೋಪಾಯಕ್ಕೆ ಧಕ್ಕೆಯಾಗುತ್ತದೆ ಎಂದು ಸಂಘವು ಈ ತಿದ್ದುಪಡಿಯನ್ನು ವಿರೋಧಿಸಿತು.

ಪಾಲಿಸಬೇಕಾದ ನಿಯಮಗಳು
• ಧ್ವಜದ ಉದ್ದ ಮತ್ತು ಎತ್ತರದ ಅನುಪಾತ 3:2 ಇರಬೇಕು. ಕೇಸರಿ ಪಟ್ಟಿ ಮೇಲಿರಬೇಕು.
• ಹರಿದ ಅಥವಾ ಮಾಸಿದ ಧ್ವಜವನ್ನು ಹಾರಿಸಬಾರದು.
• ಮಕ್ಕಳು ಹಿಡಿಯುವ ಕಾಗದದ ಧ್ವಜಗಳನ್ನು ಕಾರ್ಯಕ್ರಮದ ನಂತರ ನೆಲದ ಮೇಲೆ ಎಸೆಯಬಾರದು.
• ಹಾಳಾದ ಧ್ವಜವನ್ನು ಖಾಸಗಿಯಾಗಿ, ಸುಡುವ ಮೂಲಕ ಅಥವಾ ಅದರ ಘನತೆಗೆ ತಕ್ಕ ಬೇರೆ ವಿಧಾನದಿಂದ ಪೂರ್ಣವಾಗಿ ವಿಲೇವಾರಿ ಮಾಡಬೇಕು.

ಇವನ್ನೂ ನೋಡಿ
• ಭಾರತದ ರಾಷ್ಟ್ರಧ್ವಜ
• ಲಾಲ್‌ಬಾಗ್
• ಮೈಸೂರು ಚಲೋ ಚಳವಳಿ