ಯಂತ್ರಮಾನವರ ಕಥೆಗಳಲ್ಲಿ ಮಾನವ ದೌರ್ಬಲ್ಯದ ವಿಡಂಬನೆ: ಸ್ತಾನಿಸ್ಲಾವ್ ಲೆಮ್‌ನ ಕಥೆಗಳ ಚಾರಿತ್ರಿಕ ಹಿನ್ನೆಲೆ

'ರೋಬೋಟ್' ಎಂಬ ಪದವು ಜಗತ್ತಿಗೆ ಪರಿಚಯವಾದದ್ದು ಜೆಕ್ ಲೇಖಕ ಕರೆಲ್ ಚಾಪೆಕ್‌ನ 'ಆರ್.ಯು.ಆರ್.' ನಾಟಕದಿಂದ. ಈ ನಾಟಕ 1920ರಲ್ಲಿ ಪ್ರಕಟವಾಗಿ 1921ರಲ್ಲಿ ರಂಗಕ್ಕೇರಿತು. ಪದದ ಮೂಲವಾದ 'ರೊಬೊಟಾ' ಎಂಬುದಕ್ಕೆ ಬಿಟ್ಟಿ ಚಾಕರಿ ಎಂಬ ಅರ್ಥವಿದೆ. ಚಾಪೆಕ್‌ನಲ್ಲಿ ದುಡಿದು ದಂಗೆಯೇಳುವ ರೋಬೋಟ್, ನಾಲ್ಕು ದಶಕಗಳ ಅನಂತರ ಪೋಲೆಂಡಿನ ಲೇಖಕ ಸ್ತಾನಿಸ್ಲಾವ್ ಲೆಮ್‌ನಲ್ಲಿ (1921-2006) ಮನುಷ್ಯನ ಕನ್ನಡಿಯಾಯಿತು. ಈ ಪರಿವರ್ತನೆಯ ಕಾರಣಗಳನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಲೆಮ್ ಜನಿಸಿದ ಲ್ವೂಫ್ ನಗರವು ಎರಡನೆಯ ಮಹಾಯುದ್ಧದಲ್ಲಿ ಮೊದಲು ಸೋವಿಯತ್, ಅನಂತರ ನಾಜಿ ಆಕ್ರಮಣಕ್ಕೆ ಒಳಗಾಯಿತು. ಯಹೂದಿ ಮನೆತನದವನಾದ ಆತ ಸುಳ್ಳು ಗುರುತುಪತ್ರಗಳ ಬಲದಿಂದ ಬದುಕುಳಿದನು. ಯುದ್ಧಾನಂತರದ ಪೋಲೆಂಡಿನಲ್ಲಿ ಮುದ್ರಣಕ್ಕೆ ಹೋಗುವ ಬರಹಗಳೆಲ್ಲವೂ ಸರ್ಕಾರಿ ಪರಿಶೀಲನೆಯನ್ನು ದಾಟಬೇಕಾಗಿತ್ತು. 1950ರ ದಶಕದ ಆರಂಭದಲ್ಲಿ ಸೈಬರ್ನೆಟಿಕ್ಸ್ ಶಾಸ್ತ್ರವನ್ನೇ ಸೋವಿಯತ್ ವಲಯದಲ್ಲಿ ಹುಸಿ ವಿಜ್ಞಾನವೆಂದು ಜರೆಯಲಾಗಿತ್ತು. 1956ರ ರಾಜಕೀಯ ಸಡಿಲಿಕೆಯ ತರುವಾಯ, 1957ರಲ್ಲಿ, ಅದೇ ಶಾಸ್ತ್ರವನ್ನು ಕುರಿತು ಲೆಮ್ 'ಡಿಯಾಲೋಗಿ' ಗ್ರಂಥವನ್ನು ಪ್ರಕಟಿಸಿದನು. 1964ರ 'ರೋಬೋಟುಗಳ ನೀತಿಕಥೆಗಳು' ಮತ್ತು 1965ರ 'ಸೈಬೀರಿಯಾಡಾ' ಸಂಕಲನಗಳು ಈ ಹಿನ್ನೆಲೆಯಿಂದ ಮೂಡಿದವು.

ಈ ಕಥೆಗಳಲ್ಲಿ ರಾಜರು, ವೀರರು, ರಕ್ಕಸಮೃಗಗಳು ಬಹುಮಟ್ಟಿಗೆ ಯಂತ್ರಗಳೇ. ಮನುಷ್ಯನು ಅಪರೂಪಕ್ಕೆ ಕಾಣಿಸಿಕೊಂಡರೂ ಅವುಗಳ ಕಣ್ಣಿಗೆ ಅಸಹ್ಯದ ಜೀವಿ. ಒಂದು ಕಥೆಯಲ್ಲಿ ತ್ರೂರ್ಲ್ ಎಂಬ ನಿರ್ಮಾಪಕನು ಎಂಟು ಅಂತಸ್ತುಗಳ ಆಲೋಚನಾ ಯಂತ್ರವನ್ನು ಕಟ್ಟುತ್ತಾನೆ. ಎರಡಕ್ಕೆ ಎರಡು ಕೂಡಿದರೆ ಏಳು ಎಂದು ಅದು ಉತ್ತರಿಸುತ್ತದೆ. ಗೆಳೆಯ ಕ್ಲಪಾವ್ಟ್ಸಿಯುಸ್ ನಗುತ್ತಾನೆ. ಕೆರಳಿದ ಯಂತ್ರವು ಇಬ್ಬರನ್ನೂ ಬೆನ್ನಟ್ಟಿ, ಉತ್ತರ ಏಳೆಂದು ಒಪ್ಪಿಕೊಳ್ಳುವಂತೆ ಬೆದರಿಸುತ್ತದೆ. ಬಂಡೆಗಳಡಿ ಸಿಲುಕಿ ನಾಶವಾಗುವಾಗಲೂ ಅದು ತನ್ನ ಪಟ್ಟು ಬಿಡುವುದಿಲ್ಲ.

ಇದನ್ನು ಅಧಿಕಾರಶಾಹಿಯ ಅನ್ಯೋಕ್ತಿಯೆಂದು ಓದಲು ಅವಕಾಶವಿದೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಕಥೆಯ ಅರ್ಧಭಾಗ ಕೈತಪ್ಪುತ್ತದೆ. ಯಂತ್ರದ ಹಟವೆಷ್ಟೋ ನಿರ್ಮಾಪಕನ ಅಹಂಕಾರವೂ ಗೆಳೆಯನ ಕುಹಕವೂ ಅಷ್ಟೇ ನಗೆಗೀಡಾಗಿವೆ. ಪ್ರಾಣಿಕಥೆಯಲ್ಲಿ ನರಿಗೆ ಕಪಟವು ಸಹಜಗುಣ. ಇಲ್ಲಿ ಯಂತ್ರದ ದೋಷವು ಅದನ್ನು ಕಟ್ಟಿದ ಕೈಯಿಂದ ಬಂದದ್ದು. ಹೊಣೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಪೋಲೆಂಡಿನ ಪರಿಶೀಲನಾ ಕಚೇರಿ 1990ರಲ್ಲಿ ರದ್ದಾಯಿತು. ಕಥೆಗಳು ಮಾತ್ರ ಉಳಿದವು. ತಪ್ಪು ಉತ್ತರವನ್ನು ದೃಢವಾಗಿ ಹೇಳಬಲ್ಲ ಯಂತ್ರಗಳು ಇಂದು ನಿತ್ಯಬಳಕೆಗೆ ಬಂದಿವೆ. ಆದ್ದರಿಂದ ಲೆಮ್‌ನ ಹಾಸ್ಯವನ್ನು ಒಂದು ಆಡಳಿತದ ವಿಡಂಬನೆಯಾಗಿ ಮಾತ್ರವಲ್ಲದೆ, ತನ್ನ ಸೃಷ್ಟಿಯಲ್ಲಿ ತನ್ನನ್ನು ಗುರುತಿಸಲೊಲ್ಲದ ಮಾನವನ ದೌರ್ಬಲ್ಯದ ದಾಖಲೆಯಾಗಿಯೂ ಅಭ್ಯಸಿಸಬೇಕಾಗಿದೆ.